ಬರುವ ಮಗುವಿಗೆ ಮನೆಯ ಬಟ್ಟೆ

ನಂಗಲಿಯ ಸುತ್ತಲಿನ ಹಳ್ಳಿಗಳ ದಂಪತಿಗಳೇ,

ಮಗು ಹುಟ್ಟುವ ಮೊದಲೇ ಅದಕ್ಕೆ ಹೊಸ ಬಟ್ಟೆ ತರುವುದು ಶುಭವಲ್ಲವೆಂದು ಅನೇಕ ಮನೆಗಳಲ್ಲಿ ಹಿರಿಯರು ಹೇಳುವುದುಂಟು. ಆದರೆ ಹೆರಿಗೆಯ ಅವಸರದಲ್ಲಿ ಕೈಗೆ ಸಿಕ್ಕಿದ ಕೊಳೆಬಟ್ಟೆಯನ್ನು ಸುತ್ತಿದರೆ ನಂಜು ತಗಲಬಹುದು. ಮೈ ಒರೆಸದೆ ಬಿಟ್ಟರೆ ಶಿಶು ತಣ್ಣಗಾಗಿ ಪ್ರಾಣಕ್ಕೇ ಅಪಾಯವಾಗಬಹುದು. ಆದ್ದರಿಂದ ಹಳೆಯ ಹತ್ತಿಯ ಸೀರೆ, ಪಂಚೆಗಳಿಂದಲೇ ಸಿದ್ಧತೆ ಮಾಡಿರಿ. ಅವು ಎಳೆಯ ಚರ್ಮಕ್ಕೆ ಹಿತಕರ, ಹಿರಿಯರೂ ಒಪ್ಪುವರು.

ಏಳನೆಯ ತಿಂಗಳಿನಲ್ಲಿ ಹೊಲಿಗೆ ಆರಂಭಿಸಿರಿ. ಮುಂಭಾಗ ತೆರೆದ ಸಡಿಲ ಅಂಗಿ 4, ಕುಲಾವಿ 2, ಲಂಗೋಟಿ 12, ಮೈ ಒರೆಸಲು ಮತ್ತು ಸುತ್ತಲು 1 ಮೀಟರ್ ಚೌಕದ ಬಟ್ಟೆ 4 ಇದ್ದರೆ ಸಾಕು. ಹೊಲಿಗೆಯ ಗಂಟುಗಳು ಹೊರಬದಿಗಿರಲಿ. ಪಿನ್ನು, ಗುಂಡಿ, ಕುತ್ತಿಗೆಗೆ ಸುತ್ತಿಕೊಳ್ಳುವಂಥ ದಾರ ಬೇಡ.

ಎಲ್ಲವನ್ನೂ ಸಾಬೂನಿನಿಂದ ಒಗೆದು, ಕುದಿಸಿ, ಬಿಸಿಲಿನಲ್ಲಿ ಒಣಗಿಸಿರಿ. ನೀರು ಹೊರುವುದೂ ಒಗೆಯುವುದೂ ಪತಿಯ ಪಾಲಿಗಿರಲಿ. ಬಟ್ಟೆಗಳ ನಡುವೆ ನುಸಿಗುಳಿಗೆ ಇಡಬೇಡಿರಿ. ಅದರಿಂದ ಕೆಲವು ಶಿಶುಗಳ ರಕ್ತಕಣಗಳು ಒಡೆದು ಕಾಮಾಲೆಯಾಗುತ್ತದೆ. ಶುಭ್ರವಾದ ಚೀಲದಲ್ಲಿ ತಾಯಿ ಕಾರ್ಡಿನೊಡನೆ ಕಟ್ಟಿಡಿರಿ.

ನೋವು ಆರಂಭವಾದೊಡನೆ 108ಕ್ಕೆ ಕರೆ ಮಾಡಿರಿ. ನಂಗಲಿಯ ಆರೋಗ್ಯ ಕೇಂದ್ರಕ್ಕಾಗಲಿ ಮುಳಬಾಗಿಲಿನ ಆಸ್ಪತ್ರೆಗಾಗಲಿ ಹೊರಡುವಾಗ ಚೀಲ ಜೊತೆಗಿರಲಿ. ಹುಟ್ಟಿದ ಮಗುವನ್ನು ಒರೆಸಿ, ಕುಲಾವಿ ತೊಡಿಸಿ, ತಾಯಿಯ ಬರಿಯ ಎದೆಯ ಮೇಲೆ ಮಲಗಿಸಿ ಒಣಬಟ್ಟೆ ಹೊದಿಸುವರು. ಒಂದು ಗಂಟೆಯೊಳಗೆ ಎದೆಹಾಲು ಕುಡಿಸಿರಿ. ಮೊದಲ ದಿನ ಸ್ನಾನ ಬೇಡ.

ಮನೆಯಲ್ಲಿ ಮಗುವನ್ನು ಅಂಗಾತ ಮಲಗಿಸಿರಿ. ಮುಖದ ಬಳಿ ದಿಂಬಾಗಲಿ ಬೊಂತೆಯಾಗಲಿ ಇರದಿರಲಿ. ಹಳೆಯ ಸೀರೆಯೊಂದು, ಸೂಜಿ ದಾರ, ಎರಡು ದಿನದ ಬಿಸಿಲು: ನಿಮ್ಮ ಮಗುವಿನ ರಕ್ಷಣೆಗೆ ಇಂದೇ ತೊಡಗಿರಿ.