ನಿಂದೆಯ ಕಾಲದಲ್ಲಿ ಬರೆದ ಕಾಗದಗಳು

ಊರೆಲ್ಲಾ ಒಂದು ಮಾತನ್ನಾಡುವಾಗ ಒಬ್ಬನು ಬೇರೆ ಮಾತನ್ನಾಡಿದರೆ ಅವನಿಗೆ ಏನು ಸಂಭವಿಸುತ್ತದೆಂಬದು ಹಳ್ಳಿಗಳಲ್ಲಿ ವಾಸಿಸುವ ನಮಗೆ ತಿಳಿಯದ ಸಂಗತಿಯಲ್ಲ. ಒಂದು ದೇಶವೇ ಹೀಗೆ ತಿರುಗಿಬಿದ್ದಾಗ ಇಬ್ಬರು ಸ್ತ್ರೀಯರು ಹೇಗೆ ನಿಂತರೆಂಬದನ್ನು ಈ ಪಾಠದಲ್ಲಿ ಕಲಿಯೋಣ.

೧. ಅವರು ಯಾರು? ಜೇನ್ ಆಡಮ್ಸ್ ಎಂಬವರು ಅಮೇರಿಕದ ಶಿಕಾಗೋ ಪಟ್ಟಣದಲ್ಲಿ ೧೮೮೯ರಿಂದ ಬಡವರ ನೆರೆಯಲ್ಲಿ ವಾಸಿಸಿ ಸೇವೆಮಾಡಿದವರು. ಎಮಿಲಿ ಬಾಲ್ಚ್ ಎಂಬವರು ವೆಲ್ಸ್ಲಿ ಕಾಲೇಜಿನಲ್ಲಿ ಅರ್ಥಶಾಸ್ತ್ರವನ್ನು ಕಲಿಸುತ್ತಿದ್ದರು. ೧೯೧೫ರಲ್ಲಿ ಮಹಾಯುದ್ಧವು ನಡೆಯುತ್ತಿರುವಾಗಲೇ ಹಾಲೆಂಡಿನ ಹೇಗ್ ಪಟ್ಟಣದಲ್ಲಿ ಸಾವಿರಕ್ಕೂ ಹೆಚ್ಚು ಸ್ತ್ರೀಯರು ಕೂಡಿ ಸಮಾಧಾನಕ್ಕಾಗಿ ಆಲೋಚಿಸಿದರು. ಆ ಸಭೆಗೆ ಆಡಮ್ಸರು ಅಧ್ಯಕ್ಷೆಯಾಗಿದ್ದರು, ಬಾಲ್ಚರೂ ಅಲ್ಲಿದ್ದರು.

೨. ಅವರಿಗೆ ಬಂದ ನಿಂದೆ. ೧೯೧೮ರಲ್ಲಿ ಯುದ್ಧವು ನಿಂತಿತು, ಆದರೆ ದ್ವೇಷವು ನಿಲ್ಲಲಿಲ್ಲ. ೧೯೧೯ರಲ್ಲಿ ಕಾಲೇಜಿನ ಆಡಳಿತದವರು ಬಾಲ್ಚರನ್ನು ತಿರಿಗಿ ನೇಮಿಸಲಿಲ್ಲ. ಇಪ್ಪತ್ತು ವರ್ಷಗಳಿಗಿಂತ ಹೆಚ್ಚಾಗಿ ಕಲಿಸಿದ ಅವರು ತಮ್ಮ ೫೨ನೆಯ ವಯಸ್ಸಿನಲ್ಲಿ ಉದ್ಯೋಗವಿಲ್ಲದವರಾದರು. ಆಡಮ್ಸರೋ ಅದೇ ವರ್ಷ ಜರ್ಮನಿಗೆ ಹೋಗಿ ಹಸಿವೆಯಿಂದ ಬಡಕಲಾದ ಮಕ್ಕಳನ್ನು ಕಂಡು, ಸ್ವದೇಶಕ್ಕೆ ಬಂದು ಅವರಿಗೋಸ್ಕರ ಆಹಾರವನ್ನು ಬೇಡಿದರು. ಈ ನಿಮಿತ್ತ ಶತ್ರುವಿನ ಪಕ್ಷದವಳೆಂಬ ದೂಷಣೆಯನ್ನು ಹೊತ್ತರು. ಎಲ್ಲರಿಗಿಂತ ತಾನೊಬ್ಬಳೇ ಸರಿಯೋ ಎಂಬ ಸಂಶಯವು ಯುದ್ಧಕಾಲದಲ್ಲಿ ತಮ್ಮನ್ನು ಬಾಧಿಸಿತೆಂದು ಅವರು ೧೯೨೨ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಮರೆಮಾಡದೆ ಬರೆದಿದ್ದಾರೆ.

೩. ಕಾಗದಗಳ ಸೇವೆ. ೧೯೧೯ರ ಮೇ ತಿಂಗಳಲ್ಲಿ ಜೂರಿಚ್ ಪಟ್ಟಣದಲ್ಲಿ ಕೂಡಿದ ಸ್ತ್ರೀಯರು ಶಾಂತಿ ಸ್ವಾತಂತ್ರ್ಯಗಳಿಗಾಗಿ ಒಂದು ಅಂತರರಾಷ್ಟ್ರೀಯ ಸಂಘವನ್ನು ಸ್ಥಿರಪಡಿಸಿದರು. ಆಡಮ್ಸರು ಅದರ ಅಧ್ಯಕ್ಷೆ, ಬಾಲ್ಚರು ಜಿನೀವದಲ್ಲಿ ಅದರ ಕಾರ್ಯದರ್ಶಿ. ನಡುವೆ ಮಹಾಸಮುದ್ರ, ಆದಕಾರಣ ಸಂಘದ ಕಾರ್ಯವು ಬಹಳಮಟ್ಟಿಗೆ ಹಡಗಿನ ಟಪಾಲಿನಿಂದ ಸಾಗಬೇಕಾಯಿತು. ಹೊರಗೆ ನಿಂದೆಯಿದ್ದಾಗ ಒಳಗೆ ನಂಬಿಕೆಯನ್ನು ಕಾಪಾಡಿದ ಇಂಥ ಕಾಗದಗಳು ಸಣ್ಣ ಕಾರ್ಯವಲ್ಲ. ಆಡಮ್ಸರ ಪತ್ರಗಳೂ ಬಾಲ್ಚರ ಪತ್ರಗಳೂ ಸ್ವಾರ್ಥ್‌ಮೋರ್ ಕಾಲೇಜಿನಲ್ಲಿ ಕಾದಿಡಲ್ಪಟ್ಟಿವೆ.

೪. ಕಡೆಯ ಫಲ. ಆಡಮ್ಸರಿಗೆ ೧೯೩೧ರಲ್ಲಿ ನೊಬೆಲ್ ಶಾಂತಿ ಬಹುಮಾನವು ದೊರೆಯಿತು. ಬಾಲ್ಚರಿಗೆ ೧೯೪೬ರಲ್ಲಿ, ಯುವಕರ ಕ್ರೈಸ್ತ ಸಂಘದ ಜಾನ್ ಮಾಟ್‌ರವರೊಂದಿಗೆ, ಅದೇ ಬಹುಮಾನವು ಬಂತು. ಆದರೆ ಬಹುಮಾನವು ಬಾರದೆ ಹೋಗಿದ್ದರೂ ಹಸಿದ ಮಗುವಿಗೆ ಹಾಲು ಬೇಡಿದ್ದು ಸರಿಯಾದದ್ದೇ ಆಗಿರುತ್ತಿತ್ತು.

ಆಲೋಚಿಸತಕ್ಕ ಪ್ರಶ್ನೆಗಳು: ನಮ್ಮ ಊರಿನಲ್ಲಿ ಎಲ್ಲರೂ ದೂರಮಾಡಿದ ಮನೆ ಯಾವದು? ಆ ಮನೆಯ ಮಕ್ಕಳು ಉಂಡರೋ ಎಂದು ವಿಚಾರಿಸಿದವರು ಯಾರು? ನಿಂದೆಗೆ ಒಳಗಾದ ಒಬ್ಬರಿಗೆ ಈ ವಾರದಲ್ಲಿ ಒಂದು ಕಾಗದವನ್ನು ಬರೆಯಲು, ಅಥವಾ ಬರೆಯಬಲ್ಲವರಿಂದ ಬರೆಯಿಸಲು, ನಮಗೆ ಏನು ಅಡ್ಡಿ?