ಮೆಣಸಿನ ದುಡ್ಡಿನಲ್ಲಿ ಮೂರು ಖೋಟಾ ನೋಟು

ಕಾಳುಮೆಣಸಿನ ತೇವಾಂಶ ಕೈಯಲ್ಲಿ ಹಿಡಿದೇ ಹೇಳುವವರು ನಾವು. ಅದೇ ಕೈಗೆ ನೋಟಿನ ಪರೀಕ್ಷೆ ಮಾತ್ರ ಗೊತ್ತಿಲ್ಲ. ನನಗೆ ಅದು ಗೊತ್ತಾದದ್ದು 1,500 ರೂಪಾಯಿ ಕಳಕೊಂಡ ಮೇಲೆ.

ಕಳೆದ ಕೊಯ್ಲಿನ ಹೊತ್ತು. ಪಿಕಪ್ ತಂದ ಅಪರಿಚಿತ ವ್ಯಾಪಾರಿಗೆ 40 ಕಿಲೋ ಮೆಣಸು ಕೊಟ್ಟೆ. ಮುಸ್ಸಂಜೆ, ಕರೆಂಟಿಲ್ಲ. 500ರ 48 ನೋಟು. ಎಣಿಸಿದೆ, ನೋಡಲಿಲ್ಲ. ಮರುದಿನ ಕೊಯ್ಲಿಗೆ ಬರುವ ಹೆಂಗಸಿಗೆ ಅದರಲ್ಲೇ ಐದು ನೋಟು ಕೂಲಿ ಕೊಟ್ಟೆ. ಸಂಜೆ ಆಕೆ ಅಂಗಳದಲ್ಲಿ ನಿಂತಿದ್ದಳು, ಮುಖ ಸಪ್ಪೆ. "ಅಂಗಡಿಯಲ್ಲಿ ಎಲ್ಲರ ಎದುರು ನೋಟು ಬಿಸಾಡಿದ್ರು. ಎಲ್ಲಿಂದ ತಂದೆ ಅಂತ ಕೇಳಿದ್ರು" ಎಂದಳು. ತಪ್ಪು ನನ್ನದು, ಮಾನ ಹೋದದ್ದು ಅವಳದು. ಬೇರೆ ನೋಟು ಕೊಟ್ಟೆ. ಅಂಗಡಿಯವರಿಗೂ ನಾನೇ ಹೋಗಿ ಹೇಳಿದೆ. ಉಳಿದ 43 ಬೆಳಕಿಗೆ ಹಿಡಿದಾಗ ಇನ್ನೆರಡು ಸಿಕ್ಕಿದವು.

"ಜಾತ್ರೆಯ ಗದ್ದಲದಲ್ಲಿ ದಾಟಿಸಿಬಿಡಿ" ಎಂದರು ನೆಂಟರೊಬ್ಬರು. ದಾಟಿಸಿದರೆ ಅದು ಸೇರುವುದು ಇನ್ನೊಬ್ಬ ಕೂಲಿಯವಳ ಸೆರಗಿಗೇ ತಾನೆ? ಅಲ್ಲದೆ ಖೋಟಾ ಎಂದು ತಿಳಿದೂ ಚಲಾಯಿಸುವುದು ದೊಡ್ಡ ಅಪರಾಧ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಇದಕ್ಕೆ ಜೀವಾವಧಿವರೆಗೂ ಶಿಕ್ಷೆಯಿದೆ.

ಬ್ಯಾಂಕಿನಲ್ಲಿ ಏನಾಗುತ್ತದೆ?

ಮೂರನ್ನೂ ಬ್ಯಾಂಕಿಗೆ ಒಯ್ದೆ. ಖೋಟಾ ಎಂದು ಮುದ್ರೆ ಒತ್ತಿ ಇಟ್ಟುಕೊಂಡರು, ರಶೀದಿ ಕೊಟ್ಟರು. ಹಣ ಸಿಗುವುದಿಲ್ಲ, ನೋಟೂ ವಾಪಸು ಬರುವುದಿಲ್ಲ. ರಿಸರ್ವ್ ಬ್ಯಾಂಕಿನ ನಿಯಮವೇ ಹಾಗೆ. ಒಂದು ವ್ಯವಹಾರದಲ್ಲಿ ನಾಲ್ಕರವರೆಗೆ ಸಿಕ್ಕಿದರೆ ಬ್ಯಾಂಕು ತಿಂಗಳ ವರದಿಯಲ್ಲಿ ಪೊಲೀಸರಿಗೆ ತಿಳಿಸುತ್ತದೆ. ಐದು ಅಥವಾ ಹೆಚ್ಚಾದರೆ ಎಫ್‌ಐಆರ್. ಹಾಗಾಗಿ ಯಾರಿಂದ, ಯಾವಾಗ ಬಂತು ಎಂಬ ಬರಹ ನಮ್ಮಲ್ಲಿರಬೇಕು.

500ರ ನೋಟು ಹೀಗೆ ನೋಡಿ

1. ಬೆರಳು: ಎಡ, ಬಲ ಅಂಚಿನಲ್ಲಿ ಐದೈದು ಓರೆ ಗೆರೆ ಉಬ್ಬಾಗಿವೆ. ಗಾಂಧೀಜಿ ಚಿತ್ರವೂ ಬೆರಳಿಗೆ ತಾಗುತ್ತದೆ. 100ರಲ್ಲಿ ಗೆರೆ ನಾಲ್ಕು. 200ರಲ್ಲಿ ನಾಲ್ಕು ಗೆರೆ, ನಡುವೆ ಎರಡು ವೃತ್ತ. ಸವೆದ ನೋಟಿನಲ್ಲಿ ಉಬ್ಬು ಕಡಿಮೆ, ಆದ್ದರಿಂದ ಇದೊಂದನ್ನೇ ನಂಬಬೇಡಿ.
2. ಓರೆ ಮಾಡಿ: ಭದ್ರತಾ ಎಳೆ ಹಸಿರಿನಿಂದ ನೀಲಿಗೆ ತಿರುಗಬೇಕು. ಕೆಳಗೆ ಬಲಗಡೆಯ 500ರ ಅಂಕಿಯೂ ಹಾಗೆಯೇ.
3. ಬೆಳಕಿಗೆ ಹಿಡಿಯಿರಿ: ಖಾಲಿ ಜಾಗದಲ್ಲಿ ಗಾಂಧೀಜಿ ಮುಖ, 500 ಅಂಕಿ ಕಾಗದದೊಳಗಿನಿಂದ ಮೂಡಬೇಕು.
4. ಕ್ರಮಸಂಖ್ಯೆ: ಅಂಕಿಗಳು ಎಡದಿಂದ ಬಲಕ್ಕೆ ದೊಡ್ಡದಾಗುತ್ತ ಹೋಗಬೇಕು.

ನಾಲ್ಕಕ್ಕೂ ಸೇರಿ ಅರ್ಧ ನಿಮಿಷ ಸಾಕು.

ಅಸಲಿಯನ್ನು ನಕಲಿ ಎನ್ನಬೇಡಿ

ಇನ್ನೊಂದು ರೋಗ ಗಾಳಿಸುದ್ದಿಯದು. ಸಂತೆಯಲ್ಲಿ ಹತ್ತರ ನಾಣ್ಯವನ್ನು ನಕಲಿ ಎಂದು ದೂಡುತ್ತಾರೆ. ಹತ್ತರ ನಾಣ್ಯ 14 ವಿನ್ಯಾಸದಲ್ಲಿವೆ, ಎಲ್ಲವೂ ಸಲ್ಲುತ್ತವೆ ಎಂದು ರಿಸರ್ವ್ ಬ್ಯಾಂಕು 2018ರ ಜನವರಿಯಲ್ಲೇ ತಿಳಿಸಿತ್ತು. ರೂಪಾಯಿ ಚಿಹ್ನೆ ಬಂದದ್ದೇ 2010ರಲ್ಲಿ. ಅದಕ್ಕಿಂತ ಹಿಂದಿನ ನಾಣ್ಯದಲ್ಲಿ ಅದು ಎಲ್ಲಿಂದ ಬರಬೇಕು? ನೋಟಿನ ಸಂಖ್ಯೆಯಲ್ಲಿ ನಕ್ಷತ್ರ ಇದ್ದರೂ ಹೆದರಬೇಡಿ. ಮುದ್ರಣದಲ್ಲಿ ಕೆಟ್ಟ ನೋಟಿನ ಬದಲಿಗೆ ಹಾಕಿದ್ದು ಅದು, ಅಸಲಿಯೇ.

ಈಗ ನಾನು ಮಾಡುವುದಿಷ್ಟು: ಕತ್ತಲಲ್ಲಿ ಮಾಲು ಕೊಡುವುದಿಲ್ಲ. ಹೊಸಬರಾದರೆ ಹಣ ಖಾತೆಗೇ ಹಾಕಿಸುತ್ತೇನೆ. ನಗದಾದರೆ ಅವರ ಎದುರೇ ಒಂದೊಂದನ್ನೂ ತಿರುಗಿಸಿ ನೋಡುತ್ತೇನೆ, ಗಾಡಿ ನಂಬರು ಬರೆದಿಡುತ್ತೇನೆ. ಕೂಲಿ ಕೊಡುವಾಗಲೂ ಅಷ್ಟೇ, ಅವರ ಕೈಗೆ ಹೋಗುವ ಮೊದಲು ನೋಟು ಬೆಳಕು ಕಾಣಬೇಕು. ನನಗಾದರೆ 1,500 ನಷ್ಟ. ಅವರಿಗೆ ಒಂದು ನೋಟೆಂದರೆ ಒಂದು ದಿನದ ದುಡಿಮೆ.