ನೊರೆಯ ಬೂಟು: ಪಳಗಿಸುವ ಮತ್ತು ಕಾಪಾಡುವ ಬಗೆ

ಕಳೆದ ವರ್ಷ ದೀಪಾವಳಿಯ ರಜೆ ಮುಗಿದ ಮೇಲೆ ನಡೆದ ಬಾಸ್ಕೆಟ್‌ಬಾಲ್ ಪಂದ್ಯದಲ್ಲಿ ನಮ್ಮ ತಂಡದ ಹುಡುಗನೊಬ್ಬನು ಆಟ ಆರಂಭವಾದ ಕೆಲವೇ ನಿಮಿಷಗಳಲ್ಲಿ ಅಂಗಳದಿಂದ ಹೊರಗೆ ಬಂದನು. ಅವನು ಬಿದ್ದಿರಲಿಲ್ಲ, ಕಾಲು ಉಳುಕಿರಲಿಲ್ಲ. ಅವನ ಬಲಗಾಲ ಬೂಟಿನ ಅಟ್ಟೆಯು ಮೈಸೂರುಪಾಕಿನ ತುಂಡಿನಂತೆ ಪುಡಿಪುಡಿಯಾಗಿ ಉದುರುತ್ತಿದ್ದಿತು. ಅವನು ಒಂದು ಹಿಡಿ ಪುಡಿಯನ್ನು ಅಂಗೈಯಲ್ಲಿ ತಂದು ತೋರಿಸಿ, "ಸರ್, ಇದು ಹರಿದದ್ದಲ್ಲ, ಪುಡಿಯಾದದ್ದು. ನಾನು ಇದನ್ನು ಹಾಕಿಕೊಂಡದ್ದೇ ಇವತ್ತು ಮೊದಲನೆಯ ಸಲ" ಎಂದನು.

ಆ ಬೂಟುಗಳನ್ನು ಅವನ ಸೋದರಮಾವನು ಪರದೇಶದಿಂದ ತಂದುಕೊಟ್ಟಿದ್ದನು. ಅಳತೆಯಲ್ಲಿ ಅವು ಹುಡುಗನ ಕಾಲಿಗೆ ಬೆರಳಗಲ ದೊಡ್ಡವಾಗಿದ್ದುವು. ಕಾಲು ಬೆಳೆಯುವವರೆಗೆ ಏನು ಮಾಡಬೇಕೆಂದು ಅವನು ಬಂದು ಕೇಳಿದಾಗ, ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಸುತ್ತಿ ಟ್ರಂಕಿನ ತಳದಲ್ಲಿರಿಸು, ಗಾಳಿ ಸೋಕದಿರಲಿ ಎಂದು ಹೇಳಿದವರು ನಾವೇ. ಮನೆಯವರು ಅಕ್ಷರಶಃ ಹಾಗೆಯೇ ಮಾಡಿದರು. ಎರಡು ಮಳೆಗಾಲಗಳು ಕಳೆದುವು. ಕಾಲೇನೋ ಬೆಳೆಯಿತು, ಬೂಟು ಉಳಿಯಲಿಲ್ಲ. ಇದರಿಂದ ನಮಗೆ ಉಂಟಾದ ನಾಚಿಕೆಯೇ ಈ ಪಾಠಕ್ಕೆ ಕಾರಣವೆಂದು ಒಪ್ಪಿಕೊಳ್ಳುತ್ತೇವೆ.

ಈ ಆಟವು ಹುಟ್ಟಿದ್ದು ೧೮೯೧ನೆಯ ಇಸವಿಯ ಡಿಸೆಂಬರಿನಲ್ಲಿ, ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಎಂಬ ಊರಿನಲ್ಲಿ. ಚಳಿಗಾಲದಲ್ಲಿ ಒಳಾಂಗಣದಲ್ಲಿ ಆಡಲು ಅನುಕೂಲವಾಗುವಂತೆ ಜೇಮ್ಸ್ ನೈಸ್ಮಿತ್ ಎಂಬ ವ್ಯಾಯಾಮ ಶಿಕ್ಷಕನು ಹಣ್ಣಿನ ಬುಟ್ಟಿಗಳನ್ನು ಎತ್ತರದಲ್ಲಿ ಕಟ್ಟಿಸಿ ಇದನ್ನು ಆರಂಭಿಸಿದನು. ೧೯೧೭ರಲ್ಲಿ ಕಾನ್ವರ್ಸ್ ಸಂಸ್ಥೆಯ ಆಲ್ ಸ್ಟಾರ್ ಬೂಟು ಬಂದಿತು. ಮೇಲೆ ಕ್ಯಾನ್‌ವಾಸು, ಕೆಳಗೆ ರಬ್ಬರು, ಅಷ್ಟೆ. ಬಹುಕಾಲ ಆಟಗಾರರು ಇಂತಹ ಬೂಟುಗಳಲ್ಲಿಯೇ ಹಾರಿದರು. ಅನಂತರ ಚರ್ಮವು ಬಂದಿತು. ಅಟ್ಟೆಗೆ ನೊರೆಯೂ ಬಂದಿತು.

ನೊರೆಯೆಂದರೆ ಸಾಬೂನಿನ ನೊರೆಯಲ್ಲ. ದ್ರವವಾಗಿರುವಾಗ ಒಳಗೆ ಅನಿಲದ ಗುಳ್ಳೆಗಳೆದ್ದು, ಆ ಗುಳ್ಳೆಗಳ ಸಮೇತ ಗಟ್ಟಿಯಾದ ವಸ್ತುವಿಗೆ ಈ ಹೆಸರು. ನಮ್ಮ ಮನೆಯ ಇಡ್ಲಿಯೇ ಇದಕ್ಕೆ ಒಳ್ಳೆಯ ಉದಾಹರಣೆ. ಹುದುಗಿದ ಹಿಟ್ಟಿನಲ್ಲಿ ಹುಟ್ಟಿದ ಇಂಗಾಲದ ಡೈಆಕ್ಸೈಡು ಹಿಟ್ಟನ್ನು ಉಬ್ಬಿಸುತ್ತದೆ. ತಟ್ಟೆಯ ಕುಳಿಯಲ್ಲಿ ಬೆಂದಾಗ ಕುಳಿಯ ಆಕಾರವೇ ಇಡ್ಲಿಗೆ ಬರುತ್ತದೆ. ಬೂಟಿನ ನೊರೆಗಳಲ್ಲಿ ಮುಖ್ಯವಾದವು ಎರಡು. ಒಂದು, ಪಾಲಿಯುರಿಥೇನ್, ಇದರ ರಸಾಯನವನ್ನು ೧೯೩೭ರಲ್ಲಿ ಜರ್ಮನಿಯ ಲೆವರ್‌ಕೂಸೆನ್ನಿನಲ್ಲಿ ಆಟೊ ಬಾಯರ್ ಮತ್ತು ಅವನ ಸಂಗಡಿಗರು ಕಂಡುಹಿಡಿದರು. ಮತ್ತೊಂದು, ಇ. ವಿ. ಎ. ಎಂದು ಸಂಕ್ಷೇಪವಾಗಿ ಕರೆಯುವ ಎಥಿಲೀನ್ ವೈನೈಲ್ ಅಸಿಟೇಟ್. ಮಳೆಗಾಲದಲ್ಲಿ ನೀವು ಮೆಟ್ಟುವ ಹಗುರವಾದ ಚಪ್ಪಲಿಗಳಲ್ಲಿ ಬಹಳಷ್ಟು ಇದರಿಂದಾದವು.

ಅಟ್ಟೆಗೆ ಸೀಮಿತವಾಗಿದ್ದ ಎರಕವು ಬೂಟಿನ ಮೈಯನ್ನೆಲ್ಲ ಆವರಿಸಿದ್ದು ೧೯೯೭ರಲ್ಲಿ. ನೈಕಿ ಸಂಸ್ಥೆಗಾಗಿ ಎರಿಕ್ ಏವರ್ ಎಂಬ ವಿನ್ಯಾಸಕಾರನು ರೂಪಿಸಿದ ಏರ್ ಫೋಮ್‌ಪೊಸಿಟ್ ಒನ್ ಎಂಬ ಬೂಟಿನಲ್ಲಿ, ಚರ್ಮವನ್ನು ಕತ್ತರಿಸಿ ಹೊಲಿಯುವ ಹಳೆಯ ಪದ್ಧತಿಯನ್ನು ಬಿಟ್ಟು, ದ್ರವರೂಪದ ಪಾಲಿಯುರಿಥೇನನ್ನು ಅಚ್ಚಿಗೆ ಹೊಯ್ದು ಹೊರಮೈಯನ್ನು ತಯಾರಿಸಿದರು. ಇಂತಹ ಅಚ್ಚನ್ನು ಮಾಡಿಕೊಡಲು ದಕ್ಷಿಣ ಕೊರಿಯದ ಡೇವೂ ಸಂಸ್ಥೆಯ ನೆರವು ಬೇಕಾಯಿತು. ಆರ್ಲ್ಯಾಂಡೋ ತಂಡದ ಪೆನ್ನಿ ಹಾರ್ಡವೇ ಎಂಬ ಪ್ರಸಿದ್ಧ ಆಟಗಾರನು ಇದನ್ನು ಧರಿಸಿ ಆಡಿದನು. ಅಂದಿನ ಬೆಲೆ ೧೮೦ ಡಾಲರುಗಳು. ಆ ಕಾಲಕ್ಕೆ ಬೂಟಿಗೆ ಅದು ಅತಿಯೆಂದೇ ಜನರು ಆಡಿಕೊಂಡರು. ಬೆಲೆಯ ಮಾತು ಹಾಗಿರಲಿ. ಹೊಲಿಗೆಯಿಲ್ಲದ, ಜೀರುಂಡೆಯ ಬೆನ್ನಿನಂತೆ ಹೊಳೆಯುವ ಆ ಹೊರಮೈಯನ್ನು ನೋಡಿದರೆ ಇದು ಕಾಲಿಗೆ ಒಗ್ಗುವುದು ಹೇಗೆ ಎಂಬ ಪ್ರಶ್ನೆ ಯಾರಿಗಾದರೂ ಏಳುವುದು ಸಹಜ.

ಹೊಸ ಮೆಟ್ಟು ಕಚ್ಚುತ್ತದೆ ಎಂದು ನಮ್ಮ ಹಿರಿಯರು ಹೇಳುತ್ತಾರಷ್ಟೆ. ಚರ್ಮದ ಮೆಟ್ಟಿಗೆ ಎಣ್ಣೆ ಹಚ್ಚಿ ನಾಲ್ಕು ದಿನ ನಡೆದರೆ ಅದು ಕಚ್ಚುವುದನ್ನು ಬಿಡುತ್ತದೆ. ಚರ್ಮವು ನಾರುಗಳ ಹೆಣಿಗೆ; ನಾರುಗಳು ಸರಿದು ಕಾಲಿಗೆ ಎಡೆಮಾಡಿಕೊಡುತ್ತವೆ. ಎರಕದ ಬೂಟಿನಲ್ಲಿ ಸರಿಯುವ ನಾರಿಲ್ಲ. ಎಷ್ಟು ಎಣ್ಣೆ ಹಚ್ಚಿದರೂ ಅದು ಅಗಲವಾಗದು. ಅದರಲ್ಲಿ ಬದಲಾಗುವುವು ಎರಡೇ: ಒಳಗಿನ ಮೆತ್ತೆಯು ಒತ್ತಿಗೆ ತಗ್ಗಿ ಪಾದದ ಗುರುತನ್ನು ಪಡೆಯುತ್ತದೆ, ಬೆರಳುಗಳ ಬುಡದಲ್ಲಿ ಪಾದ ಮಡಿಯುವಲ್ಲಿ ಹೊರಮೈಯು ಮಣಿಯಲು ಕಲಿಯುತ್ತದೆ. ಎರಡಕ್ಕೂ ಬೇಕಾದುದು ಕಾಲಿನ ಬಿಸುಪು ಮತ್ತು ಸಮಯ. ಆದುದರಿಂದ ಕೊಳ್ಳುವಾಗಲೇ ಅಳತೆ ಸರಿಯಾಗಿರಬೇಕು. ಸಂಜೆಯ ಹೊತ್ತಿಗೆ ಪಾದವು ತುಸು ಉಬ್ಬಿರುವುದರಿಂದ ಆಗಲೇ, ಆಡುವಾಗ ತೊಡುವ ಕಾಲುಚೀಲವನ್ನೇ ತೊಟ್ಟು, ಮೆಟ್ಟಿ ನೋಡಬೇಕು. ಹೆಬ್ಬೆರಳ ಮುಂದೆ ಅರ್ಧ ಬೆರಳಗಲ ಎಡೆ ಉಳಿದರೆ ಸಾಕು.

ಮೊದಲ ದಿನ ಮನೆಯೊಳಗೆ ಅರ್ಧ ಗಂಟೆ ಮಾತ್ರ ಮೆಟ್ಟಿ ನಡೆಯಿರಿ. ದಾರವನ್ನು ಬೆರಳುಗಳ ಕಡೆಯಿಂದ ಪೂರ್ತಿ ಸಡಿಲಿಸಿ, ಕಾಲನ್ನು ಹಿಮ್ಮಡಿಗೆ ತಾಗಿಸಿಕೊಂಡು, ಕೆಳಗಿನಿಂದ ಮೇಲಕ್ಕೆ ಒಂದೊಂದೇ ಸುತ್ತಾಗಿ ಬಿಗಿಯಬೇಕು. ಮೇಲಿನ ಗಂಟನ್ನಷ್ಟೇ ಜಗ್ಗಿ ಕಟ್ಟುವ ನಮ್ಮ ಹುಡುಗರ ಅಭ್ಯಾಸದಿಂದ ಪಾದವು ಒಳಗೆ ಜಾರಿ ಗುಳ್ಳೆಗಳೇಳುತ್ತವೆ. ಎರಡು ಮೂರು ದಿನಗಳಾದ ಮೇಲೆ ಒಂದು ಗಂಟೆ, ಆಮೇಲೆ ಅಂಗಳದಲ್ಲಿ ನಿಂತು ಚೆಂಡೆಸೆಯುವುದು, ಅನಂತರ ಓಟ. ವಾರವಾದರೂ ಹೀಗೆ ಕಳೆಯದೆ ಹೊಸ ಬೂಟಿನಲ್ಲಿ ಪಂದ್ಯಕ್ಕಿಳಿಯಬಾರದು. ನೋವಿನಲ್ಲಿಯೂ ಭೇದವುಂಟು. ಪಾದವಿಡೀ ಬಿಗುವಾಗಿದೆಯೆಂಬ ನೋವು ದಿನದಿಂದ ದಿನಕ್ಕೆ ಕಡಿಮೆಯಾಗುತ್ತದೆ. ಕಣಕಾಲಿನ ಎಲುಬನ್ನೋ ಕಿರುಬೆರಳನ್ನೋ ಒಂದೇ ಕಡೆ ಚುಚ್ಚುವ ನೋವು ಮಾತ್ರ ಹೋಗುವಂಥದಲ್ಲ. ಆ ಬೂಟು ನಿಮ್ಮ ಕಾಲಿನದಲ್ಲವೆಂದು ತಿಳಿದು ಬದಲಾಯಿಸುವುದೇ ಸರಿ.

ಬೇಗ ಪಳಗಲೆಂದು ಬಿಸಿನೀರಿನಲ್ಲಿ ಅದ್ದುವುದು, ಒಲೆಯ ಬಳಿ ಇಡುವುದು, ಕೂದಲು ಒಣಗಿಸುವ ಯಂತ್ರದ ಬಿಸಿಗಾಳಿ ಹಾಯಿಸುವುದು, ಇವೆಲ್ಲ ಕೇಡಿನ ದಾರಿಗಳು. ಶಾಖಕ್ಕೆ ಅಂಟು ಬಿಡುತ್ತದೆ, ಇ. ವಿ. ಎ. ನೊರೆಯಂತೂ ಕುಗ್ಗಿಯೇ ಹೋಗುತ್ತದೆ. ಕಿಟಕಿಯ ಹೊರಗಿನ ತಗಡಿನ ಮೇಲೆ ಮೇ ತಿಂಗಳ ಬಿಸಿಲಿನಲ್ಲಿ ಒಣಗಲಿಟ್ಟ ನೊರೆಯ ಚಪ್ಪಲಿಯು ತಮ್ಮನ ಕಾಲಿನ ಅಳತೆಗೆ ಇಳಿದುದನ್ನು ನಿಮ್ಮಲ್ಲಿ ಕೆಲವರು ಕಂಡಿರಬಹುದು.

ಇನ್ನು, ಮೆಟ್ಟದೆ ಇಟ್ಟ ಬೂಟು ಪುಡಿಯಾದುದೇಕೆ? ಪಾಲಿಯುರಿಥೇನ್ ಎಂಬುದು ಉದ್ದುದ್ದನೆಯ ಅಣುಸರಪಣಿಗಳಿಂದಾದ ಪದಾರ್ಥ. ಬೂಟಿಗೆ ಬಳಸುವ ಒಂದು ಬಗೆಯಲ್ಲಿ ಈ ಸರಪಣಿಗಳ ಕೊಂಡಿಗಳು ಎಸ್ಟರುಗಳು. ಆಮ್ಲವೂ ಆಲ್ಕೊಹಾಲೂ ಕೂಡಿ, ನೀರನ್ನು ಹೊರಹಾಕಿ, ಎಸ್ಟರು ಆಗುವುದೆಂದು ಮೇಲಿನ ತರಗತಿಯವರು ಓದಿದ್ದೀರಿ. ಈ ಕ್ರಿಯೆ ಹಿಂದುಮುಂದಾಗಿಯೂ ನಡೆಯುತ್ತದೆ. ಗಾಳಿಯಲ್ಲಿರುವ ನೀರಿನ ಆವಿಯು ನೊರೆಯೊಳಗೆ ಸೇರಿ ಕೊಂಡಿಯನ್ನು ಮುಟ್ಟಿದಾಗ ಅದು ಕಡಿದು ಮತ್ತೆ ಆಮ್ಲವೂ ಆಲ್ಕೊಹಾಲೂ ಆಗುತ್ತದೆ. ಇದಕ್ಕೆ ಜಲವಿಶ್ಲೇಷಣೆ ಎಂದು ಹೆಸರು. ಹೀಗೆ ಹುಟ್ಟಿದ ಆಮ್ಲವು ಸುಮ್ಮನಿರುವುದಿಲ್ಲ; ಪಕ್ಕದ ಕೊಂಡಿಗಳು ಇನ್ನೂ ಬೇಗ ಕಡಿಯುವಂತೆ ಪ್ರೇರಕವಾಗುತ್ತದೆ. ಉಷ್ಣತೆ ಏರಿದರೆ ವೇಗವೂ ಏರುತ್ತದೆ. ಹೊರಗಿನಿಂದ ನೋಡಿದರೆ ಬೂಟು ಹೊಸದರಂತೆಯೇ ಕಾಣುತ್ತಿರುತ್ತದೆ. ಮೊದಲು ಅಟ್ಟೆ ತುಸು ಅಂಟಂಟಾಗುತ್ತದೆ, ಬಳಿಕ ಕೂದಲೆಳೆಯಷ್ಟು ಸಣ್ಣ ಬಿರುಕುಗಳು, ಕೊನೆಗೆ ಮೈಭಾರ ಬಿದ್ದೊಡನೆ ಪುಡಿ. ವಿಚಿತ್ರವೆಂದರೆ ಈ ನೊರೆಯ ಹುಟ್ಟಿಗೂ ಅನೇಕ ವೇಳೆ ನೀರೇ ಕಾರಣ. ತಯಾರಿಸುವಾಗ ಸೇರಿಸಿದ ತುಸು ನೀರೇ ಗುಳ್ಳೆಗಳ ಅನಿಲವನ್ನು ಹುಟ್ಟಿಸುತ್ತದೆ.

ಈ ಕ್ರಿಯೆಯು ಕಾರ್ಖಾನೆಯಿಂದ ಹೊರಬಿದ್ದ ದಿನವೇ ಆರಂಭವಾಗಿರುತ್ತದೆ. ನಾವು ಮೆಟ್ಟಿದೆವೋ ಬಿಟ್ಟೆವೋ ಎಂದು ಅದು ಕೇಳುವುದಿಲ್ಲ. ಅನೇಕ ಬೂಟುಗಳ ನಾಲಗೆಯ ಒಳಚೀಟಿಯಲ್ಲಿ ತಯಾರಾದ ಕಾಲವು ಸಣ್ಣ ಅಕ್ಷರಗಳಲ್ಲಿ ಅಚ್ಚಾಗಿರುತ್ತದೆ. ಆ ಹುಡುಗನ ಬೂಟಿನಲ್ಲಿ ಅದನ್ನು ನಾವು ಓದಿದ್ದು ಪಂದ್ಯ ಮುಗಿದ ಮೇಲೆ. ಮಾವನು ಕೊಳ್ಳುವ ಹೊತ್ತಿಗೇ ಅದು ಅಂಗಡಿಯಲ್ಲಿ ಐದು ವರ್ಷ ಕಳೆದಿದ್ದಿತು. ಅಗ್ಗಕ್ಕೆ ಸಿಕ್ಕಿದ್ದೂ ಬಹುಶಃ ಅದಕ್ಕಾಗಿಯೇ.

ಪ್ಲಾಸ್ಟಿಕ್ ಚೀಲ ಮಾಡಿದ ಅಪರಾಧವನ್ನೂ ಹೇಳಬೇಕು. ನಮ್ಮ ಮುಂಬಯಿಯಲ್ಲಿ ಜುಲೈ ಆಗಸ್ಟುಗಳಲ್ಲಿ ಗಾಳಿಯ ಸಾಪೇಕ್ಷ ಆರ್ದ್ರತೆಯು ಶೇಕಡಾ ೮೦ನ್ನು ಮೀರುವುದು ಸಾಮಾನ್ಯ. ಅಂತಹ ದಿನ ಕಟ್ಟಿದ ಚೀಲದೊಳಗೆ ಕಟ್ಟಿಟ್ಟದ್ದು ಬೂಟನ್ನು ಮಾತ್ರವಲ್ಲ, ತೇವವನ್ನೂ ಕೂಡ. ಹೊರಗಿನ ತೇವವನ್ನು ತಡೆಯಲೆಂದು ಸುತ್ತಿದ ಹೊದಿಕೆಯು ಒಳಗಿನ ತೇವಕ್ಕೆ ಸೆರೆಮನೆಯಾಯಿತು.

ಹಾಗಾದರೆ ಇಡುವುದು ಹೇಗೆ? ರಟ್ಟಿನ ಪೆಟ್ಟಿಗೆಯೇ ಒಳ್ಳೆಯದು. ಆಡಿ ಬಂದೊಡನೆ ಬೂಟನ್ನು ಒಳಗೆ ತುರುಕದೆ, ಒಳಮೆತ್ತೆಯನ್ನು ಹೊರತೆಗೆದು, ರಾತ್ರಿಯಿಡೀ ಫ್ಯಾನಿನ ಗಾಳಿಗೆ ಇಡಬೇಕು. ಒಣಗಿದ ಮೇಲೆ ಬಿಳಿಯ ಕಾಗದವನ್ನು ಉಂಡೆಮಾಡಿ ಒಳಗೆ ತುಂಬಿದರೆ ಆಕಾರ ಕೆಡದು. ವರ್ತಮಾನಪತ್ರಿಕೆಯ ಮಸಿ ತಿಳಿಬಣ್ಣಕ್ಕೆ ಹತ್ತುತ್ತದೆ. ಔಷಧಿಯ ಡಬ್ಬಿಗಳಲ್ಲಿ ಬರುವ ಸಿಲಿಕಾ ಜೆಲ್ಲಿನ ಚಿಕ್ಕ ಪೊಟ್ಟಣಗಳನ್ನು ಎಸೆಯದೆ ಕೂಡಿಸಿ ಪೆಟ್ಟಿಗೆಯಲ್ಲಿಡಿ. ಅವು ತೇವ ಹೀರಿ ದಣಿಯುತ್ತವೆ, ಆಗ ಬೇರೆಯವನ್ನಿಡಬೇಕು. ಡಾಂಬರು ಗುಳಿಗೆ ಇಟ್ಟರೆ ಸಾಲದೇ ಎಂದು ತಾಯಂದಿರು ಕೇಳುತ್ತಾರೆ. ಅದು ಹುಳುವನ್ನು ಓಡಿಸೀತು, ತೇವವನ್ನು ಹೀರದು. ಪೆಟ್ಟಿಗೆಯನ್ನು ನೆಲದ ಮೇಲಾಗಲಿ, ಮಳೆಗೆ ನೆನೆಯುವ ಹೊರಗೋಡೆಗೆ ತಾಗಿಸಿಯಾಗಲಿ ಇಡಬಾರದು. ಚಾಳಿನ ಒಂದೇ ಕೋಣೆಯಲ್ಲಿ ಇದಕ್ಕೆ ಸ್ಥಳವೆಲ್ಲಿ ಎನ್ನುವಿರಾದರೆ, ಪುಸ್ತಕಗಳನ್ನಿಡುವ ಹಲಗೆಯ ಮೇಲೆ ಇಡಿ. ಪುಸ್ತಕಕ್ಕೆ ಬೂಷ್ಟು ಹಿಡಿಯದ ಜಾಗವು ಬೂಟಿಗೂ ಆಗುತ್ತದೆ.

ಹದಿನೈದು ದಿನಗಳಿಗೊಮ್ಮೆ ಹೊರತೆಗೆದು, ಅಟ್ಟೆಯನ್ನು ಬೆರಳಿನಿಂದ ಒತ್ತಿ ನೋಡಿ, ಮನೆಯೊಳಗೆ ನಾಲ್ಕು ಹೆಜ್ಜೆ ನಡೆಯಿರಿ. ಬಿರುಕು ಕಂಡರೆ ಮನೆಯಲ್ಲಿಯೇ ಕಾಣಲಿ, ಅಂಗಳದಲ್ಲಿ ಬೇಡ. ಇಷ್ಟೆಲ್ಲ ಮಾಡಿದರೂ ಆಯುಷ್ಯವನ್ನು ಕೆಲವು ವರ್ಷ ಎಳೆಯಬಹುದಲ್ಲದೆ ನಿಲ್ಲಿಸಲಾಗದು. ಪುಡಿಯಾಗಲಾರಂಭಿಸಿದ ನೊರೆಗೆ ಯಾವ ಅಂಟೂ ಹಿಡಿಯುವುದಿಲ್ಲ. ಹುಡುಗನ ತಂದೆ ಬೂಟನ್ನು ಬೀದಿಯ ಮೋಚಿಯಲ್ಲಿಗೆ ಒಯ್ದಾಗ ಆತನು ಮುಟ್ಟಿ ನೋಡಿ, ಕೂಲಿ ಬೇಡವೆಂದು ಹಿಂದಕ್ಕೆ ಕೊಟ್ಟನಂತೆ. ಆದುದರಿಂದ ಬೆಳೆಯುವ ಕಾಲಿಗೆಂದು ದೊಡ್ಡ ಬೂಟನ್ನು ಮುಂಚಿತವಾಗಿ ತಂದಿಡುವ ಪದ್ಧತಿಯು ಚಡ್ಡಿ ಅಂಗಿಗಳಿಗೆ ಸರಿ, ನೊರೆಯ ಬೂಟಿಗೆ ಸಲ್ಲದು. ಈಗಾಗಲೇ ಯಾರ ಮನೆಯಲ್ಲಾದರೂ ಅಂತಹ ಜೋಡಿ ಇದ್ದರೆ, ಇಂದೇ ಚೀಲದಿಂದ ಹೊರತೆಗೆದು, ಕಾಲು ಹಿಡಿಸುವ ಅಣ್ಣನಿಗೋ ಗೆಳೆಯನಿಗೋ ಕೊಡಿ, ಅವನಾದರೂ ಆಡಲಿ.

ಆ ಹುಡುಗನು ಉಳಿದ ಆಟವನ್ನು ಎರವಲು ತಂದ ಕ್ಯಾನ್‌ವಾಸ್ ಬೂಟಿನಲ್ಲಿ ಆಡಿದನು. ಉದುರಿದ ಪುಡಿಯನ್ನು ನಾವು ಒಂದು ಗಾಜಿನ ಶೀಶೆಯಲ್ಲಿ ತುಂಬಿ ವಿಜ್ಞಾನದ ಕಪಾಟಿನಲ್ಲಿರಿಸಿದ್ದೇವೆ. ನೋಡಬಯಸುವವರು ಮಧ್ಯಾಹ್ನದ ಬಿಡುವಿನಲ್ಲಿ ಬಂದು ಕೇಳಬಹುದು.